ಟಿಜಿಎ ಗ್ರಾಫ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಮೆಟೀರಿಯಲ್ ಸೈನ್ಸ್ ಪ್ರಬಂಧಗಳಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬೀಳುವ ವಾಕ್ಯ ಒಂದಿದೆ: "ಈ ವಸ್ತು 320 ಡಿಗ್ರಿಯವರೆಗೆ ಸ್ಥಿರವಾಗಿದೆ." ಪಕ್ಕದಲ್ಲೇ ಒಂದು ಟಿಜಿಎ ಗ್ರಾಫ್ ಇರುತ್ತದೆ, ಉಷ್ಣತೆ ಏರಿದಂತೆ ವಸ್ತುವಿನ ತೂಕ ಎಷ್ಟು ಉಳಿಯಿತು ಎಂದು ತೋರಿಸುವಂಥದ್ದು. ಎಡಗಡೆ ನೂರು ಪರ್ಸೆಂಟಿನಲ್ಲಿ ಶುರುವಾದ ಗೆರೆ ಸ್ವಲ್ಪ ದೂರ ಮಟ್ಟಸವಾಗಿ ಹೋಗಿ, ಆಮೇಲೆ ಒಂದೆರಡು ಮೆಟ್ಟಿಲು ಇಳಿದು, ಕೊನೆಗೆ ಎಲ್ಲೋ ಒಂದು ಕಡೆ ನಿಲ್ಲುತ್ತದೆ. ನೋಡಲು ಇಷ್ಟು ಸರಳವಾದ ಗ್ರಾಫ್ ಸಂಶೋಧನೆಯ ಲ್ಯಾಬುಗಳಲ್ಲಿ ಇನ್ನೊಂದಿಲ್ಲ. ಆದರೆ ಆ ವಾಕ್ಯ ಅರ್ಧಕ್ಕೇ ನಿಂತಿದೆ. ಯಾವ ಅನಿಲದಲ್ಲಿ ಕಾಯಿಸಿದ್ದು? ನಿಮಿಷಕ್ಕೆ ಎಷ್ಟು ಡಿಗ್ರಿಯಂತೆ? ಎಷ್ಟು ಮಿಲಿಗ್ರಾಂ ಹಾಕಿದ್ದರು, ಎಂಥ ಪಾತ್ರೆಯಲ್ಲಿ, ಮುಚ್ಚಳ ಇತ್ತೋ ಇಲ್ಲವೋ? ಇವೆಲ್ಲ ಗೊತ್ತಿಲ್ಲದೆ 320 ಎಂಬ ಅಂಕಿಯನ್ನು ನಂಬುವ ಹಾಗಿಲ್ಲ. ಏಕೆ ಎಂದು ಅರ್ಥವಾಗಬೇಕಾದರೆ ಯಂತ್ರದ ಒಳಗೆ ಏನು ನಡೆಯುತ್ತದೆ ಎಂಬುದರಿಂದಲೇ ಶುರು ಮಾಡಬೇಕು.

ಥರ್ಮೋಗ್ರಾವಿಮೆಟ್ರಿಕ್ ಅನಾಲಿಸಿಸ್ ಎಂಬುದು ಪೂರ್ತಿ ಹೆಸರು; ಲ್ಯಾಬಿನಲ್ಲಿ ಎಲ್ಲರೂ ಟಿಜಿಎ ಎನ್ನುತ್ತಾರೆ. ವಸ್ತುವನ್ನು ಗೊತ್ತಾದ ವೇಗದಲ್ಲಿ ಕಾಯಿಸುತ್ತಾ ಹೋಗುವುದು, ಕಾಯಿಸುತ್ತಲೇ ಅದರ ತೂಕವನ್ನು ಬರೆದುಕೊಳ್ಳುವುದು, ಇಷ್ಟೇ ಅದರ ಕೆಲಸ. ಯಂತ್ರದಲ್ಲಿ ಒಂದು ತಕ್ಕಡಿ, ಒಂದು ಕುಲುಮೆ, ಉಷ್ಣತೆ ಅಳೆಯುವ ಥರ್ಮೋಕಪಲ್, ಅನಿಲ ಹರಿಸುವ ಕೊಳವೆ ಇರುತ್ತವೆ. ತಕ್ಕಡಿ ಬಹಳ ಸೂಕ್ಷ್ಮವಾದದ್ದು. ಒಂದು ಮೈಕ್ರೋಗ್ರಾಂ, ಅಂದರೆ ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಭಾಗ, ಹೆಚ್ಚುಕಡಿಮೆಯಾದರೂ ಅದಕ್ಕೆ ತಿಳಿಯುತ್ತದೆ. ತೂಕ ಬದಲಾಗಿ ತಕ್ಕಡಿಯ ದಂಡ ಕೂದಲೆಳೆಯಷ್ಟು ವಾಲಿದರೂ ಬೆಳಕಿನ ಸೆನ್ಸರ್ ಅದನ್ನು ಹಿಡಿಯುತ್ತದೆ, ಒಂದು ಸುರುಳಿಗೆ ಕರೆಂಟ್ ಹರಿದು ದಂಡ ಮತ್ತೆ ಮೊದಲಿನ ಜಾಗಕ್ಕೆ ಬರುತ್ತದೆ. ಹಾಗೆ ತರಲು ಎಷ್ಟು ಕರೆಂಟ್ ಬೇಕಾಯಿತು ಎಂಬುದರಿಂದ ತೂಕದ ಲೆಕ್ಕ ಸಿಗುತ್ತದೆ. ಸ್ಯಾಂಪಲ್ ಸಾಮಾನ್ಯವಾಗಿ 5ರಿಂದ 20 ಮಿಲಿಗ್ರಾಂ, ಕೆಲವು ಸಾಸಿವೆ ಕಾಳಿನಷ್ಟು. ಅದನ್ನು ಅಲ್ಯುಮಿನಾ ಅಥವಾ ಪ್ಲಾಟಿನಂನ ಪುಟ್ಟ ಕ್ರೂಸಿಬಲ್‌ನಲ್ಲಿಟ್ಟು, ಕುಲುಮೆ ಮುಚ್ಚಿ, ನೈಟ್ರೋಜನ್ ಹರಿಯಬಿಟ್ಟು, ನಿಮಿಷಕ್ಕೆ 10 ಡಿಗ್ರಿಯಂತೆ ಕಾಯಿಸುವುದು ಹೆಚ್ಚಿನ ಲ್ಯಾಬುಗಳ ರೂಢಿ. 30 ಡಿಗ್ರಿಯಿಂದ 900ಕ್ಕೆ ಹೋಗಲು ಸುಮಾರು ಒಂದೂವರೆ ಗಂಟೆ ಹಿಡಿಯುತ್ತದೆ.

ಕುಲುಮೆಯೊಳಗೆ ತಕ್ಕಡಿ ಇಟ್ಟು ತೂಗುವ ಈ ಉಪಾಯಕ್ಕೆ ನೂರು ವರ್ಷ ದಾಟಿದೆ. ಜಪಾನಿನ ಸೆಂಡೈ ಊರಿನ ತೊಹೊಕು ವಿಶ್ವವಿದ್ಯಾಲಯದಲ್ಲಿದ್ದ ಕೊಟಾರೊ ಹೊಂಡಾ 1915ರಲ್ಲಿ ಇಂಥ ಉಪಕರಣವನ್ನು ವರ್ಣಿಸಿ ಅದಕ್ಕೆ ಥರ್ಮೋಬ್ಯಾಲೆನ್ಸ್ ಎಂದು ಹೆಸರಿಟ್ಟರು. ಹೊಂಡಾ ಹೆಚ್ಚು ಹೆಸರಾದದ್ದು ಕಾಂತಗಳ ಅಧ್ಯಯನದಿಂದ, 1917ರ ಕೆ.ಎಸ್. ಸ್ಟೀಲ್ ಎಂಬ ಬಲವಾದ ಕಾಂತದ ಉಕ್ಕು ಅವರದೇ. ಟಿಜಿಎ ಯಂತ್ರದ ಉಷ್ಣತೆಯನ್ನು ಸರಿನೋಡಲು ಇವತ್ತಿಗೂ ಬಳಸುವ ಒಂದು ವಿಧಾನ ಕಾಂತಗಳ ಗುಣವನ್ನೇ ಅವಲಂಬಿಸಿದೆ; ಅದನ್ನು ಮುಂದೆ ಹೇಳುತ್ತೇನೆ.

ಕೆಸುವಿನ ಎಲೆಯ ಹರಳು, ಸುಣ್ಣದ ಗೂಡಿನ ಲೆಕ್ಕ

ಟಿಜಿಎ ಕಲಿಯುವವರ ಕೈಗೆ ಮೊದಲು ಕೊಡುವ ಪುಡಿ ಕ್ಯಾಲ್ಸಿಯಂ ಆಕ್ಸಲೇಟ್ ಮೊನೊಹೈಡ್ರೇಟ್. ಕೆಸುವಿನ ಎಲೆ, ಗೆಡ್ಡೆ ಬಾಯಿ ತುರಿಸುವುದು ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಾಕಾರದ ಹರಳುಗಳಿಂದ. ಮೂತ್ರಪಿಂಡದ ಕಲ್ಲುಗಳಲ್ಲಿ ಹೆಚ್ಚಿನವು ಇದರಿಂದಲೇ ಆದವು. ಲ್ಯಾಬಿಗೆ ಇದು ಪ್ರಿಯವಾಗಲು ಕಾರಣ ಬೇರೆ: ಕಾಯಿಸಿದರೆ ಮೂರು ಸ್ಪಷ್ಟ ಹಂತಗಳಲ್ಲಿ ಒಡೆಯುತ್ತದೆ, ಪ್ರತಿ ಹಂತವನ್ನೂ ಕಾಗದದ ಮೇಲೆ ಲೆಕ್ಕ ಹಾಕಿ ತಾಳೆ ನೋಡಬಹುದು.

ಇದರ ಅಣುತೂಕ 146.1. ಅದರಲ್ಲಿ ನೀರಿನ ಪಾಲು 18.0. 100 ಡಿಗ್ರಿ ದಾಟಿ 200ರ ಹೊತ್ತಿಗೆ ಹರಳಿನೊಳಗಿದ್ದ ಈ ನೀರು ಹೊರಟುಹೋಗುತ್ತದೆ, ತೂಕ 12.3 ಪರ್ಸೆಂಟ್ ಇಳಿಯುತ್ತದೆ. ಆಮೇಲೆ ಗೆರೆ ಮಟ್ಟಸ. 400ರಿಂದ 500ರ ನಡುವೆ ಕಾರ್ಬನ್ ಮೊನಾಕ್ಸೈಡ್ ಹೋಗುತ್ತದೆ, 28.0ರ ಪಾಲು, ಅಂದರೆ 19.2 ಪರ್ಸೆಂಟ್. ಉಳಿದದ್ದು ಕ್ಯಾಲ್ಸಿಯಂ ಕಾರ್ಬೊನೇಟ್. ಅದು ಮತ್ತಷ್ಟು ಹೊತ್ತು ಸುಮ್ಮನಿದ್ದು, 600 ದಾಟಿದ ಮೇಲೆ ಕಾರ್ಬನ್ ಡೈಆಕ್ಸೈಡ್ ಬಿಟ್ಟು ಸುಟ್ಟ ಸುಣ್ಣವಾಗುತ್ತದೆ, ಇಲ್ಲಿ 30.1 ಪರ್ಸೆಂಟ್. ಈ ಕೊನೆಯ ಹಂತ ನಮ್ಮ ಸುಣ್ಣದ ಗೂಡುಗಳಲ್ಲಿ ನಡೆಯುತ್ತಾ ಬಂದ ಕ್ರಿಯೆಯೇ: ನೂರು ಕಿಲೋ ಶುದ್ಧ ಸುಣ್ಣಕಲ್ಲು ಸುಟ್ಟರೆ ಸಿಗುವುದು 56 ಕಿಲೋ ಸುಣ್ಣ, ಮಿಕ್ಕ 44 ಕಿಲೋ ಗಾಳಿಗೆ.

10 ಮಿಲಿಗ್ರಾಂ ಆಕ್ಸಲೇಟ್ ಹಾಕಿದ್ದರೆ ಮೂರು ಮೆಟ್ಟಿಲುಗಳ ಎತ್ತರ 1.23, 1.92, 3.01 ಮಿಲಿಗ್ರಾಂ, ಕ್ರೂಸಿಬಲ್‌ನ ತಳದಲ್ಲಿ ಉಳಿಯುವುದು 3.84. ನಿಮ್ಮ ಯಂತ್ರ ಈ ಅಂಕಿಗಳನ್ನು ಕೊಡುತ್ತಿಲ್ಲವಾದರೆ ಬೇರೆ ಯಾವ ಸ್ಯಾಂಪಲ್ ಹಾಕುವ ಮೊದಲೂ ಅದನ್ನು ಸರಿಮಾಡಿಕೊಳ್ಳಬೇಕು. ಹೊಸ ಸೆಂಟ್ರಲ್ ಫೆಸಿಲಿಟಿಗೆ, ಅಂದರೆ ಹಲವರ ಸ್ಯಾಂಪಲ್ ಅಳೆದುಕೊಡುವ ಸಾಮೂಹಿಕ ಲ್ಯಾಬಿಗೆ, ಸ್ಯಾಂಪಲ್ ಕಳಿಸುವವರು ಇತ್ತೀಚಿನ ಆಕ್ಸಲೇಟ್ ರನ್ ತೋರಿಸಿ ಎಂದು ಕೇಳುವುದರಲ್ಲಿ ಸಂಕೋಚ ಪಡಬೇಕಾಗಿಲ್ಲ.

ಗ್ರಾಫಿನಲ್ಲಿ ತೂಕದ ಗೆರೆಯ ಜೊತೆಗೆ ಇನ್ನೊಂದು ಗೆರೆಯೂ ಇರುತ್ತದೆ, ಡಿಟಿಜಿ ಎಂದು. ತೂಕ ಎಷ್ಟು ವೇಗವಾಗಿ ಇಳಿಯುತ್ತಿದೆ ಎಂಬುದನ್ನು ಅದು ತೋರಿಸುತ್ತದೆ. ತೂಕದ ಗೆರೆಯಲ್ಲಿ ಒಂದೇ ಇಳಿಜಾರಾಗಿ ಕಂಡದ್ದು ಡಿಟಿಜಿಯಲ್ಲಿ ಎರಡು ಶಿಖರವಾಗಿ ಬಿಡಿಸಿಕೊಳ್ಳುವುದು ಸಾಮಾನ್ಯ. ನಾನು ಯಾವುದೇ ಟಿಜಿಎ ಗ್ರಾಫನ್ನು ಡಿಟಿಜಿಯಿಂದಲೇ ಓದಲು ಶುರು ಮಾಡುತ್ತೇನೆ.

ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಮಾಡಲು ತರುವ ಮೈಲುತುತ್ತ, ಅಂದರೆ ಕಾಪರ್ ಸಲ್ಫೇಟ್, ಇನ್ನೊಂದು ಒಳ್ಳೆಯ ಪಾಠ. ಅದರ ಪ್ರತಿ ಘಟಕದಲ್ಲಿ ಐದು ನೀರಿನ ಅಣುಗಳಿವೆ, ಒಟ್ಟು ತೂಕದ 36.1 ಪರ್ಸೆಂಟ್. ಐದೂ ಒಟ್ಟಿಗೆ ಹೋಗುವುದಿಲ್ಲ. ಮೊದಲು ಎರಡು, ಆಮೇಲೆ ಎರಡು, ಕೊನೆಯ ಒಂದು 200 ಡಿಗ್ರಿ ದಾಟಿದ ಮೇಲೆ. ನಾಲ್ಕು ಅಣುಗಳು ತಾಮ್ರಕ್ಕೆ ಅಂಟಿಕೊಂಡಿವೆ, ಐದನೆಯದನ್ನು ಸಲ್ಫೇಟ್ ಬಿಗಿಯಾಗಿ ಹಿಡಿದಿದೆ. ಒಂದೇ ವಸ್ತುವಿನೊಳಗಿನ ನೀರೂ ಒಂದೇ ಬಗೆಯಾಗಿ ಕಟ್ಟಿಕೊಂಡಿರುವುದಿಲ್ಲ ಎಂಬುದನ್ನು ತಕ್ಕಡಿ ಹೀಗೆ ತೋರಿಸಿಕೊಡುತ್ತದೆ.

ಹೋದದ್ದು ಏನು?

ಮೇಲಿನ ಲೆಕ್ಕದಲ್ಲಿ ಒಂದು ಸಂಗತಿಯನ್ನು ಗಮನಿಸಿ. 12.3 ಪರ್ಸೆಂಟ್ ಹೋಯಿತು ಎಂದಷ್ಟೇ ತಕ್ಕಡಿ ಹೇಳಿದ್ದು. ಅದು ನೀರು ಎಂದು ಹೇಳಿದವರು ನಾವು, ಆ ವಸ್ತುವಿನ ರಸಾಯನ ಮೊದಲೇ ಗೊತ್ತಿದ್ದರಿಂದ. ಟಿಜಿಎಗೆ ಎಷ್ಟು ಎಂಬುದು ಗೊತ್ತು, ಯಾವಾಗ ಎಂಬುದು ಗೊತ್ತು. ಏನು ಎಂಬುದು ಅದಕ್ಕೆ ಗೊತ್ತಿಲ್ಲ.

ಕರ್ಪೂರವನ್ನು ಟಿಜಿಎಗೆ ಹಾಕಿದರೆ ಗೆರೆ ಸೀದಾ ಸೊನ್ನೆಗೆ ಇಳಿಯುತ್ತದೆ. ಅದನ್ನು ಕಂಡು ಕರ್ಪೂರ ವಿಘಟನೆಯಾಯಿತು ಎಂದು ಬರೆದರೆ ಪೂರಾ ತಪ್ಪು. ಅಣು ಎಲ್ಲೂ ಮುರಿದಿಲ್ಲ. ಘನದಿಂದ ಆವಿಯಾಗಿ ಪಾತ್ರೆ ಬಿಟ್ಟು ಹೋಗಿದೆ, ಅಷ್ಟೆ. ಕಡಿಮೆ ಅಣುತೂಕದ ಎಷ್ಟೋ ಸಾವಯವ ಸಂಯುಕ್ತಗಳ ವಿಷಯದಲ್ಲಿ, ಔಷಧದ ಅಣುಗಳ ವಿಷಯದಲ್ಲೂ, ಆವಿಯಾದದ್ದನ್ನೇ ವಿಘಟನೆ ಎಂದು ಬರೆಯುವುದುಂಟು. ಇದಕ್ಕೆ ವಿರುದ್ಧವಾದದ್ದೂ ಇದೆ: ವಸ್ತು ಕರಗಿ ದ್ರವವಾದರೆ, ಹರಳಿನ ರಚನೆ ಬದಲಾದರೆ, ಪ್ಲಾಸ್ಟಿಕ್ ಗಾಜಿನ ಸ್ಥಿತಿಯಿಂದ ಮೆತ್ತಗಾದರೆ ತೂಕ ಒಂದಿನಿತೂ ಬದಲಾಗುವುದಿಲ್ಲ. ಟಿಜಿಎ ಪಾಲಿಗೆ ಅಲ್ಲಿ ಏನೂ ನಡೆದೇ ಇಲ್ಲ. ಅಂಥದ್ದನ್ನು ಕಾಣಲು ಉಷ್ಣದ ಹರಿವನ್ನು ಅಳೆಯುವ ಡಿಎಸ್‌ಸಿ ಬೇಕು. ಎರಡನ್ನೂ ಒಟ್ಟಿಗೆ ಅಳೆಯುವ ಯಂತ್ರಗಳೂ ಇವೆ.

ಆಕ್ಸಲೇಟಿನ ಎರಡನೇ ಮೆಟ್ಟಿಲನ್ನೇ ನೋಡಿ. ನೈಟ್ರೋಜನ್‌ನಲ್ಲಿ ಕಾಯಿಸಿದರೆ ಕಾರ್ಬನ್ ಮೊನಾಕ್ಸೈಡ್ ಹೊರಗೆ ಹೋಗುತ್ತದೆ, ಆ ಹಂತ ಬಿಸಿಯನ್ನು ಹೀರಿಕೊಳ್ಳುತ್ತದೆ. ಗಾಳಿಯಲ್ಲಿ ಕಾಯಿಸಿದರೆ ಅದೇ ಮೊನಾಕ್ಸೈಡ್ ಅಲ್ಲೇ ಉರಿದು ಡೈಆಕ್ಸೈಡ್ ಆಗುತ್ತದೆ, ಬಿಸಿ ಹೊರಬೀಳುತ್ತದೆ. ಕುಲುಮೆಯಲ್ಲಿ ನಡೆದದ್ದು ಎರಡು ಬೇರೆ ಬೇರೆ ಸಂಗತಿ. ಮೆಟ್ಟಿಲಿನ ಎತ್ತರ ಮಾತ್ರ ಎರಡರಲ್ಲೂ 19.2 ಪರ್ಸೆಂಟ್. ತೂಕವೊಂದನ್ನೇ ನೋಡುವವರಿಗೆ ವ್ಯತ್ಯಾಸ ತಿಳಿಯುವ ದಾರಿಯೇ ಇಲ್ಲ.

ಅದಕ್ಕೇ ಯಂತ್ರದಿಂದ ಹೊರಬರುವ ಅನಿಲವನ್ನು ಬಿಸಿ ಕೊಳವೆಯ ಮೂಲಕ, ಅಣುಗಳನ್ನು ಅವುಗಳ ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರಿಗೋ, ಅವು ಹೀರುವ ಇನ್‌ಫ್ರಾರೆಡ್ ಬೆಳಕಿನಿಂದ ಗುರುತಿಸುವ ಇನ್‌ಫ್ರಾರೆಡ್ ಸ್ಪೆಕ್ಟ್ರೋಮೀಟರಿಗೋ ಜೋಡಿಸುತ್ತಾರೆ. ಕೊಳವೆ ಬಿಸಿಯಾಗಿರಬೇಕು, ಇಲ್ಲವಾದರೆ ಭಾರದ ಆವಿಗಳು ದಾರಿಯಲ್ಲೇ ತಣಿದು ಅಂಟಿಕೊಳ್ಳುತ್ತವೆ. ಇಲ್ಲೂ ಯೋಚನೆ ಬೇಕು. ಕಾರ್ಬನ್ ಮೊನಾಕ್ಸೈಡಿನ ತೂಕ 28. ನೈಟ್ರೋಜನ್ ಅಣುವಿನ ತೂಕವೂ 28. ನೈಟ್ರೋಜನ್ ಹರಿಸುತ್ತಾ ಸಾಮಾನ್ಯ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಮೊನಾಕ್ಸೈಡ್ ಹುಡುಕುವವರಿಗೆ ಅದು ಸಿಗುವುದಿಲ್ಲ. ಆರ್ಗಾನ್ ಅಥವಾ ಹೀಲಿಯಂ ಬಳಸಬೇಕು. ಇನ್‌ಫ್ರಾರೆಡ್‌ಗೆ ಈ ತೊಂದರೆ ಇಲ್ಲ, ಏಕೆಂದರೆ ನೈಟ್ರೋಜನ್ ಇನ್‌ಫ್ರಾರೆಡನ್ನು ಹೀರುವುದೇ ಇಲ್ಲ.

ವಿಘಟನೆಯ ಉಷ್ಣತೆ ವಸ್ತುವೊಂದರದೇ ಗುಣವೇ?

ಕುದಿಬಿಂದು, ಕರಗುವ ಬಿಂದು ಇದ್ದ ಹಾಗೆ ವಿಘಟನೆಗೂ ಒಂದು ನಿಗದಿಯಾದ ಉಷ್ಣತೆ ಇರುತ್ತದೆ ಎಂದು ಹಲವರು ತಿಳಿದಿದ್ದಾರೆ. ಟಿಜಿಎ ಬಗ್ಗೆ ಇರುವ ತಪ್ಪು ತಿಳಿವಳಿಕೆಗಳಲ್ಲಿ ಇದೇ ದೊಡ್ಡದು ಎಂಬುದು ನನ್ನ ಅಭಿಪ್ರಾಯ.

ಕ್ಯಾಲ್ಸಿಯಂ ಕಾರ್ಬೊನೇಟನ್ನೇ ತೆಗೆದುಕೊಳ್ಳೋಣ. ಹರಿಯುವ ನೈಟ್ರೋಜನ್‌ನಲ್ಲಿ ಅದು 600 ದಾಟುತ್ತಿದ್ದಂತೆ ಒಡೆಯಲು ಶುರುವಾಗಿ 750–800ರ ಹೊತ್ತಿಗೆ ಮುಗಿಯುತ್ತದೆ. ಅದೇ ಪುಡಿಯನ್ನು ಶುದ್ಧ ಕಾರ್ಬನ್ ಡೈಆಕ್ಸೈಡಿನಲ್ಲಿ ಕಾಯಿಸಿ: 850ರಲ್ಲೂ ಅದು ಅಲುಗುವುದಿಲ್ಲ. ಸುಮಾರು 900 ಡಿಗ್ರಿ ದಾಟಿದ ಮೇಲೆ ಒಮ್ಮೆಗೇ ಕುಸಿಯುತ್ತದೆ. ಕಾರಣ ಸರಳವಾದದ್ದು. ಕಾರ್ಬೊನೇಟ್ ಒಡೆಯುವುದು, ಸುಣ್ಣವೂ ಅನಿಲವೂ ಮತ್ತೆ ಕೂಡುವುದು, ಇವೆರಡೂ ಒಟ್ಟಿಗೆ ನಡೆಯುತ್ತಿರುತ್ತವೆ. ಸುತ್ತ ಅದೇ ಅನಿಲ ತುಂಬಿದ್ದರೆ ಒಡೆದದ್ದೆಲ್ಲ ತಿರುಗಿ ಕೂಡಿಕೊಳ್ಳುತ್ತದೆ. ಕಾರ್ಬೊನೇಟಿನಿಂದ ಹೊರಬರುವ ಡೈಆಕ್ಸೈಡಿನ ಒತ್ತಡ ಒಂದು ವಾತಾವರಣದಷ್ಟಾಗುವುದು 900ರ ಹತ್ತಿರ. ಅಲ್ಲಿಂದ ಮುಂದೆ ಮಾತ್ರ ಒಡೆಯುವಿಕೆ ಗೆಲ್ಲುತ್ತದೆ. ವಸ್ತು ಒಂದೇ, ತಕ್ಕಡಿ ಒಂದೇ, ಹರಿಸಿದ ಅನಿಲ ಬೇರೆಯಾದದ್ದಕ್ಕೆ ಉತ್ತರದಲ್ಲಿ ನೂರಾರು ಡಿಗ್ರಿ ವ್ಯತ್ಯಾಸ.

ಇದೇ ಪರಿಣಾಮ ಸಣ್ಣ ಪ್ರಮಾಣದಲ್ಲಿ ಎಲ್ಲ ಸ್ಯಾಂಪಲ್‌ಗಳಲ್ಲೂ ಇದೆ. ಕ್ರೂಸಿಬಲ್ ಆಳವಾಗಿದ್ದರೆ, ಪುಡಿ ಹೆಚ್ಚಾಗಿ ಒತ್ತಿ ತುಂಬಿದ್ದರೆ, ಒಳಗೆ ಹುಟ್ಟಿದ ಅನಿಲ ಹೊರಬರಲು ಒದ್ದಾಡುತ್ತದೆ. ಮೆಟ್ಟಿಲು ಬಲಕ್ಕೆ, ಅಂದರೆ ಹೆಚ್ಚಿನ ಉಷ್ಣತೆಯ ಕಡೆಗೆ, ಸರಿಯುತ್ತದೆ. ಕೆಲವೊಮ್ಮೆ ಇದನ್ನು ಬೇಕೆಂದೇ ಮಾಡುವುದೂ ಉಂಟು. ಜಿಪ್ಸಂನಲ್ಲಿ ಎರಡು ಅಣು ನೀರಿದೆ, 20.9 ಪರ್ಸೆಂಟ್. ಒಂದೂವರೆ ಅಣು ಹೋದರೆ ಪ್ಲಾಸ್ಟರ್ ಆಫ್ ಪ್ಯಾರಿಸ್, ಉಳಿದರ್ಧವೂ ಹೋದರೆ ನೀರಿಲ್ಲದ ಸಲ್ಫೇಟ್. ತೆರೆದ ಪಾತ್ರೆಯಲ್ಲಿ ಈ ಎರಡು ಹಂತ ಒಂದರೊಳಗೊಂದು ಸೇರಿಹೋಗುತ್ತವೆ. ಸೂಜಿ ಮೊನೆಯಷ್ಟು ತೂತಿರುವ ಮುಚ್ಚಳ ಹಾಕಿದರೆ ಒಳಗೆ ಹಬೆ ತುಂಬಿ, ಎರಡೂ ಬೇರೆ ಬೇರೆಯಾಗಿ ಕಾಣುತ್ತವೆ. ಸಿಮೆಂಟ್ ಕಾರ್ಖಾನೆಯ ಬಿಸಿ ಗಿರಣಿಯಲ್ಲಿ ಜಿಪ್ಸಂ ಎಷ್ಟು ನೀರು ಬಿಟ್ಟಿದೆ ಎಂದು ತಿಳಿಯಲು ಇದು ಬೇಕಾಗುತ್ತದೆ. ಹೆಚ್ಚು ಬಿಟ್ಟಿದ್ದರೆ ಆ ಸಿಮೆಂಟ್ ಕಲಸಿದ ಕೂಡಲೇ ಸುಳ್ಳುಸುಳ್ಳೇ ಗಟ್ಟಿಯಾಗುತ್ತದೆ.

ಕಾಯಿಸುವ ವೇಗದ್ದೂ ಇದೇ ಕತೆ. ನಿಮಿಷಕ್ಕೆ 2 ಡಿಗ್ರಿಯಂತೆ ಹೋದರೆ ಕ್ರಿಯೆಗೆ ಪ್ರತಿ ಉಷ್ಣತೆಯಲ್ಲೂ ಸಾಕಷ್ಟು ಸಮಯ ಸಿಗುತ್ತದೆ, 20ರಂತೆ ಹೋದರೆ ಸಿಗುವುದಿಲ್ಲ. ಅಷ್ಟರಲ್ಲಿ ಕುಲುಮೆ ಮುಂದೆ ಹೋಗಿರುತ್ತದೆ. ಜೊತೆಗೆ ಥರ್ಮೋಕಪಲ್ ಇರುವುದು ಸ್ಯಾಂಪಲ್ಲಿನ ಹತ್ತಿರ, ಅದರ ಒಳಗಲ್ಲ; ವೇಗ ಹೆಚ್ಚಿದಷ್ಟೂ ಎರಡರ ನಡುವಿನ ಅಂತರ ಹೆಚ್ಚು. ವೇಗವನ್ನು ಹತ್ತು ಪಟ್ಟು ಏರಿಸಿದರೆ ಮೆಟ್ಟಿಲು ಹತ್ತಾರು ಡಿಗ್ರಿ ಮೇಲಕ್ಕೆ ಸರಿಯುವುದು ಸಹಜ. ಹಾಗಾಗಿ ಬೇರೆ ಬೇರೆ ಲ್ಯಾಬುಗಳ ಎರಡು ಗ್ರಾಫ್ ಅಕ್ಕಪಕ್ಕ ಇಟ್ಟು "ನಮ್ಮ ಪಾಲಿಮರ್ 15 ಡಿಗ್ರಿ ಹೆಚ್ಚು ತಾಳುತ್ತದೆ" ಎನ್ನುವ ಮೊದಲು ಎರಡರ ಕೆಳಗೂ ಬರೆದಿರುವ ವಿವರ ಓದಬೇಕು.

ಸ್ಯಾಂಪಲ್ಲಿನ ಪ್ರಮಾಣ ಎಷ್ಟು ಮುಖ್ಯ ಎಂಬುದಕ್ಕೆ ಬೆಂಗಳೂರಿನದೇ ಒಂದು ಉದಾಹರಣೆ ಕೊಡಬಹುದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಸಿ. ಪಾಟೀಲ್ ಮತ್ತು ಅವರ ಜೊತೆಗಾರರು 1988ರಲ್ಲಿ ಅಲ್ಯುಮಿನಿಯಂ ನೈಟ್ರೇಟ್ ಮತ್ತು ಯೂರಿಯಾ ಬೆರೆಸಿ, 500 ಡಿಗ್ರಿಯ ಕುಲುಮೆಯಲ್ಲಿಟ್ಟು, ಅದು ತಾನೇ ಉರಿದು ಕೆಲವೇ ನಿಮಿಷಗಳಲ್ಲಿ ನುಣ್ಣನೆಯ ಅಲ್ಯುಮಿನಾ ಆಗುವ ವಿಧಾನವನ್ನು ಪ್ರಕಟಿಸಿದರು. ಇಂಥ ಮಿಶ್ರಣ ಗ್ರಾಂಗಟ್ಟಲೆ ಇದ್ದಾಗ ತನ್ನ ಬಿಸಿಯನ್ನು ತಾನೇ ಹಿಡಿದಿಟ್ಟುಕೊಂಡು ಹೊತ್ತಿಕೊಳ್ಳುತ್ತದೆ. ಒಂದೆರಡು ಮಿಲಿಗ್ರಾಂ ಇದ್ದಾಗ ಬಿಸಿ ಕ್ರೂಸಿಬಲ್‌ಗೂ ಅನಿಲಕ್ಕೂ ಸೋರಿಹೋಗುವುದರಿಂದ ಹೊತ್ತಿಕೊಳ್ಳುವುದು ಕಷ್ಟ. ಟಿಜಿಎಯಲ್ಲಿ ಶಾಂತವಾಗಿ ಇಳಿದ ಗೆರೆ ನೋಡಿ ದೊಡ್ಡ ಪ್ರಮಾಣದಲ್ಲೂ ಹೀಗೇ ಇರುತ್ತದೆ ಎಂದುಕೊಳ್ಳುವುದು ಅಪಾಯ. ಟಿಜಿಎಗೂ ಇಂಥವನ್ನು ಹೆಚ್ಚು ಹಾಕುವಂತಿಲ್ಲ. ಸಿಡಿದರೆ ತಕ್ಕಡಿಯ ಕೊಕ್ಕೆ ಹಾಳಾಗುತ್ತದೆ.

ತಕ್ಕಡಿ ತೋರಿಸುವ ಸುಳ್ಳು ತೂಕ

ಖಾಲಿ ಕ್ರೂಸಿಬಲ್ ಇಟ್ಟು ಕಾಯಿಸಿದರೂ ಗೆರೆ ಮಟ್ಟಸವಾಗಿರುವುದಿಲ್ಲ, ಮೆಲ್ಲಗೆ ಮೇಲೇರುತ್ತದೆ. ಏನೂ ಇಲ್ಲದೆ ತೂಕ ಹೆಚ್ಚುವುದು ಹೇಗೆ? ನೀರಿನಲ್ಲಿ ಮುಳುಗಿದ ವಸ್ತು ಹಗುರಾಗುವಂತೆ ಅನಿಲದಲ್ಲಿರುವ ವಸ್ತುವೂ ತಾನು ಸರಿಸಿದ ಅನಿಲದ ತೂಕದಷ್ಟು ಹಗುರಾಗಿರುತ್ತದೆ. 30 ಡಿಗ್ರಿಯಲ್ಲಿ ಒಂದು ಘನ ಸೆಂಟಿಮೀಟರ್ ನೈಟ್ರೋಜನ್ 1.13 ಮಿಲಿಗ್ರಾಂ ತೂಗುತ್ತದೆ. 900 ಡಿಗ್ರಿಯಲ್ಲಿ ಬರೀ 0.29. ಬಿಸಿ ಜಾಗದಲ್ಲಿರುವ ಕ್ರೂಸಿಬಲ್ ಮತ್ತು ಅದರ ಹಿಡಿಕೆ ಸೇರಿ 0.1 ಘನ ಸೆಂಟಿಮೀಟರ್ ಜಾಗ ಹಿಡಿದಿದ್ದರೆ ಸುಮಾರು 0.08 ಮಿಲಿಗ್ರಾಂ ತೂಕ ಸುಮ್ಮನೆ ಹೆಚ್ಚಿದಂತೆ ಕಾಣುತ್ತದೆ. 10 ಮಿಲಿಗ್ರಾಂ ಸ್ಯಾಂಪಲ್ಲಿಗೆ ಅದು 0.8 ಪರ್ಸೆಂಟ್. ಅರ್ಧ ಪರ್ಸೆಂಟಿನ ನಷ್ಟವನ್ನು ಹುಡುಕುತ್ತಿರುವವರಿಗೆ ಇದು ಸಣ್ಣ ವಿಷಯವೇನಲ್ಲ. ಅದೇ ಕ್ರೂಸಿಬಲ್, ಅದೇ ಅನಿಲ, ಅದೇ ವೇಗದಲ್ಲಿ ಒಂದು ಬ್ಲ್ಯಾಂಕ್ ರನ್ ಮಾಡಿ ಅದನ್ನು ಕಳೆಯುವುದು ಇದಕ್ಕೆ ಪರಿಹಾರ. ನಡುವೆ ಅನಿಲ ಬದಲಿಸುವ ಪ್ರಯೋಗವಾದರೆ ಬ್ಲ್ಯಾಂಕಿನಲ್ಲೂ ಅದೇ ನಿಮಿಷಕ್ಕೆ ಬದಲಿಸಬೇಕು.

ಉಷ್ಣತೆಯನ್ನು ಸರಿನೋಡುವುದು ಇನ್ನೂ ಸೊಗಸಾದ ಕೆಲಸ. ಕುಲುಮೆಯ ಹೊರಗೆ ಒಂದು ಕಾಂತ ಇಟ್ಟು, ಒಳಗೆ ನಿಕ್ಕಲ್ ತುಂಡು ಹಾಕುತ್ತಾರೆ. ಕಾಂತ ಎಳೆಯುವುದರಿಂದ ನಿಕ್ಕಲ್ ಇರುವುದಕ್ಕಿಂತ ಭಾರ ಅಥವಾ ಹಗುರ ತೋರುತ್ತದೆ. ಸುಮಾರು 355 ಡಿಗ್ರಿ ತಲುಪಿದಾಗ ನಿಕ್ಕಲ್ ತನ್ನ ಕಾಂತಗುಣ ಕಳೆದುಕೊಳ್ಳುತ್ತದೆ, ಎಳೆತ ನಿಲ್ಲುತ್ತದೆ, ತೂಕದ ಗೆರೆ ಥಟ್ಟನೆ ಜಿಗಿಯುತ್ತದೆ. ಕಬ್ಬಿಣಕ್ಕೆ ಇದು 770 ಡಿಗ್ರಿಯಲ್ಲಿ. ಲೋಹದಿಂದ ಒಂದು ಪರಮಾಣುವೂ ಹೊರಗೆ ಹೋಗಿಲ್ಲ, ಆದರೂ ತಕ್ಕಡಿಯ ಮೂಲಕವೇ ಉಷ್ಣತೆ ಗೊತ್ತಾಯಿತು.

ನಾರು, ಟೈರು, ಕಾಂಕ್ರೀಟು

ಕರಾವಳಿ, ಮಲೆನಾಡಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಅಡಿಕೆ ಸಿಪ್ಪೆಯ ನಾರನ್ನು ಪ್ಲಾಸ್ಟಿಕ್ಕಿಗೆ ಬೆರೆಸಿ ಹಲಗೆ ಮಾಡುವ ಸಂಶೋಧನೆ ಸಾಕಷ್ಟು ನಡೆದಿದೆ. ಪಾಲಿಪ್ರೊಪಿಲೀನ್ ಕರಗುವುದು 165 ಡಿಗ್ರಿಯ ಸುಮಾರಿಗೆ, ಅಚ್ಚು ಹಾಕುವುದು ಅದಕ್ಕೂ ಮೇಲೆ. ಅಷ್ಟು ಬಿಸಿಯನ್ನು ನಾರು ತಡೆಯುತ್ತದೆಯೇ ಎಂಬುದು ಮೊದಲ ಪ್ರಶ್ನೆ. ಸಸ್ಯದ ಯಾವ ನಾರು ಹಾಕಿದರೂ ನೈಟ್ರೋಜನ್‌ನಲ್ಲಿ ಗ್ರಾಫಿನ ರೂಪ ಹೆಚ್ಚುಕಡಿಮೆ ಒಂದೇ. ನಾರಿನ ಮುಖ್ಯ ಅಂಶಗಳು ಸೆಲ್ಯುಲೋಸ್, ಹೆಮಿಸೆಲ್ಯುಲೋಸ್, ಲಿಗ್ನಿನ್. ಮೊದಲು ತೇವ ಹೋಗುತ್ತದೆ. 220ರಿಂದ 315ರ ನಡುವೆ ಹೆಮಿಸೆಲ್ಯುಲೋಸ್, 315ರಿಂದ 400ರ ನಡುವೆ ಸೆಲ್ಯುಲೋಸ್ ಒಡೆಯುತ್ತವೆ. ಲಿಗ್ನಿನ್‌ಗೆ ಅವಸರವಿಲ್ಲ; 160ರಿಂದ 900ರವರೆಗೂ ಸ್ವಲ್ಪಸ್ವಲ್ಪವಾಗಿ ಹೋಗುತ್ತಿರುತ್ತದೆ. ಕಾಸ್ಟಿಕ್ ಸೋಡಾದಲ್ಲಿ ನೆನೆಸಿ ತೊಳೆದ ನಾರಿನ ಡಿಟಿಜಿಯಲ್ಲಿ ಸೆಲ್ಯುಲೋಸ್ ಶಿಖರದ ಎಡಬದಿಯ ಉಬ್ಬು ಮಾಯವಾಗುವುದೋ ತಗ್ಗುವುದೋ ಕಾಣುತ್ತದೆ: ಹೆಮಿಸೆಲ್ಯುಲೋಸ್ ತೊಳೆದುಹೋಗಿದೆ ಎಂದರ್ಥ.

ಇಲ್ಲಿ ಎಡವುವ ಜಾಗ ತೇವ. ಐದು ಪರ್ಸೆಂಟ್ ತೂಕ ಇಳಿದ ಉಷ್ಣತೆಯನ್ನೇ ವಿಘಟನೆಯ ಆರಂಭ ಎಂದು ಬರೆಯುವ ರೂಢಿಯಿದೆ. ನಾರಿನಲ್ಲಿ ಎಂಟು ಪರ್ಸೆಂಟ್ ತೇವವಿದ್ದರೆ ಆ ಐದು ಪರ್ಸೆಂಟ್ ನೀರಿನಲ್ಲೇ ಮುಗಿದುಹೋಯಿತು. 90 ಡಿಗ್ರಿಯಲ್ಲಿ ನಾರು ಒಡೆಯಿತು ಎಂದು ಬರೆದ ಹಾಗಾಗುತ್ತದೆ. ಸ್ಯಾಂಪಲ್ಲನ್ನು 105–110ರಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ, ತೂಕ ನಿಂತ ಮೇಲೆ ಅದನ್ನೇ ನೂರು ಎಂದಿಟ್ಟುಕೊಂಡು ಮುಂದಿನ ಲೆಕ್ಕ ಮಾಡಬೇಕು.

ಟೈರಿನ ರಬ್ಬರನ್ನು ಬಿಡಿಸುವ ಕ್ರಮ ನನಗೆ ಬಹಳ ಇಷ್ಟ, ಏಕೆಂದರೆ ಅಲ್ಲಿ ಅನಿಲವನ್ನೇ ಉಪಕರಣವಾಗಿ ಬಳಸುತ್ತಾರೆ. ಮೊದಲು ನೈಟ್ರೋಜನ್‌ನಲ್ಲಿ 600ರವರೆಗೆ ಕಾಯಿಸುತ್ತಾರೆ. ಎಣ್ಣೆಯಂಥ ಹಗುರ ಪದಾರ್ಥ ಮೊದಲು ಹೋಗುತ್ತದೆ. ಸಹಜ ರಬ್ಬರ್ 375ರ ಆಸುಪಾಸಿನಲ್ಲಿ, ಬ್ಯುಟಾಡೈಯೀನ್ ರಬ್ಬರ್ 450–460ರ ಆಸುಪಾಸಿನಲ್ಲಿ ಜೋರಾಗಿ ಒಡೆಯುತ್ತವೆ. ಕಪ್ಪು ಬಣ್ಣಕ್ಕೂ ಗಟ್ಟಿತನಕ್ಕೂ ಬೆರೆಸಿದ ಕಾರ್ಬನ್ ಬ್ಲ್ಯಾಕ್ ಮಾತ್ರ ಕದಲುವುದಿಲ್ಲ, ಅದಕ್ಕೆ ಉರಿಯಲು ಆಕ್ಸಿಜನ್ ಬೇಕು. ಆಗ ನೈಟ್ರೋಜನ್ ನಿಲ್ಲಿಸಿ ಗಾಳಿ ಹರಿಸಿದರೆ ಇನ್ನೊಂದು ಮೆಟ್ಟಿಲು ಇಳಿಯುತ್ತದೆ. ಅದರ ಎತ್ತರವೇ ಕಾರ್ಬನ್ ಬ್ಲ್ಯಾಕಿನ ಪ್ರಮಾಣ. ಕೊನೆಗೆ ಉಳಿದ ಬೂದಿ ಸತುವಿನ ಆಕ್ಸೈಡ್, ಸಿಲಿಕಾ ಮುಂತಾದವು. ಕಲ್ಲಿದ್ದಲಿನ ತೇವ, ಆವಿಯಾಗುವ ಅಂಶ, ಸ್ಥಿರ ಕಾರ್ಬನ್, ಬೂದಿ ಇವನ್ನು ಒಂದೇ ರನ್ನಿನಲ್ಲಿ ಅಳೆಯುವುದೂ ಇದೇ ದಾರಿಯಲ್ಲಿ.

ನೈಟ್ರೋಜನ್ ಹಂತದಲ್ಲಿ ರಬ್ಬರ್ ಮುಗಿದ ಮೇಲೂ ಗೆರೆ ಮಟ್ಟಸವಾಗದೆ ಒಂದೇ ಸಮನೆ ಇಳಿಯುತ್ತಿದ್ದರೆ ವಸ್ತುವನ್ನು ದೂರುವ ಮೊದಲು ಕೊಳವೆಯ ಜೋಡಣೆಗಳನ್ನು ನೋಡಬೇಕು. ಎಲ್ಲಿಂದಲೋ ಆಕ್ಸಿಜನ್ ಸೋರುತ್ತಿದೆ, ಅಥವಾ ಸಿಲಿಂಡರಿನ ನೈಟ್ರೋಜನ್ ಶುದ್ಧವಿಲ್ಲ, ಅಥವಾ ಕುಲುಮೆ ಮುಚ್ಚಿದ ಮೇಲೆ ಒಳಗಿನ ಗಾಳಿ ಪೂರ್ತಿ ಹೊರಹೋಗುವಷ್ಟು ಹೊತ್ತು ಕಾಯದೆ ರನ್ ಶುರು ಮಾಡಿದ್ದಾರೆ. ಈ ಇಳಿಜಾರನ್ನು ವಸ್ತುವಿನ ಗುಣವೆಂದು ವಿವರಿಸಿದ ಪ್ರಬಂಧಗಳು ಇವೆ ಎಂಬುದು ಬೇಸರದ ಸಂಗತಿ.

ಕಾಂಕ್ರೀಟಿನಲ್ಲಿ ಟಿಜಿಎ ಕೆಲಸ ಇನ್ನೂ ನಾಜೂಕು. ಸಿಮೆಂಟ್ ನೀರಿನೊಡನೆ ಸೇರಿದಾಗ ಹುಟ್ಟುವ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಒಳಗಿನ ಕಂಬಿಗೆ ತುಕ್ಕು ಹಿಡಿಯದಂತೆ ಕ್ಷಾರದ ವಾತಾವರಣ ಕಾಯ್ದುಕೊಳ್ಳುತ್ತದೆ. ಗಾಳಿಯ ಕಾರ್ಬನ್ ಡೈಆಕ್ಸೈಡ್ ವರ್ಷಗಟ್ಟಲೆ ಒಳಕ್ಕಿಳಿಯುತ್ತಾ ಅದನ್ನು ಕಾರ್ಬೊನೇಟಾಗಿ ಬದಲಿಸುತ್ತದೆ; ಆ ಬದಲಾವಣೆ ಕಂಬಿಯವರೆಗೆ ಬಂದರೆ ತುಕ್ಕಿಗೆ ದಾರಿಯಾಯಿತು. ಕಾಂಕ್ರೀಟನ್ನು ಮೇಲಿನಿಂದ ಒಳಕ್ಕೆ ಪದರಪದರವಾಗಿ ಕೊರೆದು ಪುಡಿ ತೆಗೆದು ಟಿಜಿಎ ಮಾಡಿದರೆ ಎರಡೂ ಸಿಗುತ್ತವೆ. 400ರಿಂದ 500ರ ನಡುವೆ ಹೋದ ನೀರಿನ ತೂಕವನ್ನು 4.11ರಿಂದ ಗುಣಿಸಿದರೆ ಹೈಡ್ರಾಕ್ಸೈಡ್. 600ರ ಮೇಲೆ ಹೋದ ಡೈಆಕ್ಸೈಡನ್ನು 2.27ರಿಂದ ಗುಣಿಸಿದರೆ ಕಾರ್ಬೊನೇಟ್. ಮೊದಲ ಮೆಟ್ಟಿಲು 3 ಪರ್ಸೆಂಟ್ ಇದ್ದರೆ ಆ ಪದರದಲ್ಲಿ ಹೈಡ್ರಾಕ್ಸೈಡ್ 12.3 ಪರ್ಸೆಂಟ್.

ಆದರೆ ಆ 3 ಎಂಬುದನ್ನು ಓದುವುದೇ ಕಷ್ಟ. ಸಿಮೆಂಟಿಗೆ ಬಲ ಕೊಡುವ ಕ್ಯಾಲ್ಸಿಯಂ ಸಿಲಿಕೇಟ್ ಹೈಡ್ರೇಟ್ ತನ್ನ ನೀರನ್ನು ಉದ್ದಕ್ಕೂ ಬಿಡುತ್ತಲೇ ಇರುತ್ತದೆ. 400ರ ತೂಕದಿಂದ 500ರ ತೂಕ ಕಳೆದುಬಿಟ್ಟರೆ ಆ ನೀರೂ ಲೆಕ್ಕಕ್ಕೆ ಸೇರಿ ಹೈಡ್ರಾಕ್ಸೈಡ್ ಹೆಚ್ಚು ಕಾಣುತ್ತದೆ. ಮೆಟ್ಟಿಲಿನ ಹಿಂದಿನ ಮತ್ತು ಮುಂದಿನ ಇಳಿಜಾರುಗಳಿಗೆ ಸ್ಪರ್ಶಕ ಗೆರೆ ಎಳೆದು, ಅವುಗಳ ನಡುವಿನ ಎತ್ತರವನ್ನಷ್ಟೇ ತೆಗೆದುಕೊಳ್ಳಬೇಕು. ಇನ್ನೊಂದು ಎಚ್ಚರ: ಅರೆದ ಪುಡಿಯನ್ನು ಮೇಜಿನ ಮೇಲೆ ತೆರೆದಿಟ್ಟರೆ ಅದು ಅಲ್ಲೇ ಗಾಳಿಯ ಡೈಆಕ್ಸೈಡ್ ಹೀರುತ್ತದೆ. ಕಟ್ಟಡದ ವಯಸ್ಸು ಅಳೆಯಲು ಹೋಗಿ ಪುಡಿ ಮೇಜಿನ ಮೇಲಿದ್ದ ಹೊತ್ತನ್ನು ಅಳೆದ ಹಾಗಾಗುತ್ತದೆ. ಎಳೆಯ ಸಿಮೆಂಟಿನ ಕ್ರಿಯೆ ನಿಲ್ಲಿಸಲು ಐಸೊಪ್ರೊಪನಾಲಿನಲ್ಲಿ ತೊಳೆಯುತ್ತಾರಲ್ಲ, ಅದು ಪೂರ್ತಿ ಆರದೆ ಉಳಿದರೆ ಅದರ ಗುರುತೂ ಗ್ರಾಫಿನಲ್ಲಿ ಮೂಡುತ್ತದೆ.

ಯಂತ್ರದ ಆರೋಗ್ಯದ ಬಗ್ಗೆ ಎರಡು ಮಾತು. ಪಿವಿಸಿ 250 ದಾಟಿದರೆ ಹೈಡ್ರೋಜನ್ ಕ್ಲೋರೈಡ್ ಬಿಡುತ್ತದೆ, ಶುದ್ಧ ಪಿವಿಸಿಯಾದರೆ ತೂಕದ 58 ಪರ್ಸೆಂಟಿನವರೆಗೆ. ಅದು ಕುಲುಮೆಯ ಲೋಹವನ್ನೇ ತಿನ್ನುತ್ತದೆ. ಕರಗುವ ಲೋಹಗಳನ್ನು ಪ್ಲಾಟಿನಂ ಪ್ಯಾನಿನಲ್ಲಿ ಹಾಕಿದರೆ ಅವು ಪ್ಲಾಟಿನಮ್ಮಿನೊಡನೆ ಬೆರೆತು ಪ್ಯಾನ್ ತೂತಾಗುತ್ತದೆ. ಫಾರಂನಲ್ಲಿ ಸ್ಯಾಂಪಲ್ ಏನೆಂದು ಪ್ರಾಮಾಣಿಕವಾಗಿ ಬರೆಯಿರಿ ಎಂದು ಆಪರೇಟರ್ ಒತ್ತಾಯಿಸುವುದು ಸುಮ್ಮನಲ್ಲ.

ಗ್ರಾಫಿನಿಂದ ಕ್ರಿಯೆಯ ಆಕ್ಟಿವೇಶನ್ ಎನರ್ಜಿ, ಅಂದರೆ ಕ್ರಿಯೆ ನಡೆಯಲು ದಾಟಬೇಕಾದ ಶಕ್ತಿಯ ತಡೆ, ಎಷ್ಟೆಂದು ತೆಗೆಯುವ ಹವ್ಯಾಸ ಸಂಶೋಧನಾ ವಿದ್ಯಾರ್ಥಿಗಳಲ್ಲಿ ಬಲವಾಗಿದೆ. ಒಂದೇ ವೇಗದ ಒಂದೇ ಗೆರೆಗೆ ಸಮೀಕರಣ ಹೊಂದಿಸಿದರೆ ಹತ್ತಾರು ಮಾದರಿಗಳು ಒಂದಕ್ಕಿಂತ ಒಂದು ಚೆನ್ನಾಗಿ ಹೊಂದಿಕೊಂಡು ಹತ್ತಾರು ಬೇರೆ ಉತ್ತರ ಕೊಡುತ್ತವೆ. ಉಷ್ಣ ವಿಶ್ಲೇಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಸಿಟಿಎಸಿಯ ಸಮಿತಿ 2011ರಲ್ಲಿ ಕೊಟ್ಟ ಶಿಫಾರಸು ಸ್ಪಷ್ಟವಾಗಿದೆ: ಹಲವು ವೇಗಗಳಲ್ಲಿ ಅಳೆದು, ಎಲ್ಲವನ್ನೂ ಒಟ್ಟಿಗೆ ಲೆಕ್ಕ ಹಾಕಿ.

ತೂಕ ಏರುವ ಪ್ರಯೋಗಗಳೂ ಇವೆ. ತಾಮ್ರದ ಪುಡಿಯನ್ನು ಗಾಳಿಯಲ್ಲಿ ಕಾಯಿಸಿದರೆ ಪೂರ್ತಿ ಆಕ್ಸೈಡ್ ಆಗುವಷ್ಟರಲ್ಲಿ 25 ಪರ್ಸೆಂಟ್ ಹೆಚ್ಚುತ್ತದೆ. ಇದರಿಂದ ಹುಟ್ಟುವ ಒಂದು ಒಗಟು ಎಲೆಕ್ಟ್ರಿಕ್ ಬಸ್ಸು, ಸ್ಕೂಟರುಗಳ ಬ್ಯಾಟರಿಗೆ ಹಾಕುವ ಲಿಥಿಯಂ ಐರನ್ ಫಾಸ್ಫೇಟಿನದು. ಈ ಪುಡಿಗೆ ವಿದ್ಯುತ್ ಸರಿಯಾಗಿ ಹರಿಯಲೆಂದು ಕಣಕಣಕ್ಕೂ ತೆಳುವಾಗಿ ಕಾರ್ಬನ್ ಬಳಿದಿರುತ್ತಾರೆ. ಕಾರ್ಬನ್ ಎಷ್ಟಿದೆ ಎಂದು ತಿಳಿಯಲು ಗಾಳಿಯಲ್ಲಿ ಸುಟ್ಟರೆ ಸಾಕು ಅನ್ನಿಸುತ್ತದೆ. ಆದರೆ ಅದೇ ಬಿಸಿಯಲ್ಲಿ ಫಾಸ್ಫೇಟಿನ ಕಬ್ಬಿಣವೂ ಆಕ್ಸಿಜನ್ ಹಿಡಿದುಕೊಂಡು 5.07 ಪರ್ಸೆಂಟ್ ತೂಕ ಪಡೆಯುತ್ತದೆ. ಕಾರ್ಬನ್ ಉರಿದು ತೂಕ ಇಳಿಯುತ್ತಿದೆ, ಕಬ್ಬಿಣ ಆಕ್ಸಿಜನ್ ಹೀರಿ ತೂಕ ಏರುತ್ತಿದೆ. 100 ಮಿಲಿಗ್ರಾಂ ಪುಡಿಯಲ್ಲಿ 4.8 ಮಿಲಿಗ್ರಾಂ ಕಾರ್ಬನ್ ಇದ್ದರೆ ಎರಡೂ ಸರಿಸಮವಾಗಿ, ರನ್ ಮುಗಿದಾಗ ತಕ್ಕಡಿ ಮತ್ತೆ 100ರ ಹತ್ತಿರವೇ ನಿಂತಿರುತ್ತದೆ. ಅಷ್ಟರಲ್ಲಿ ಕಾರ್ಬನ್ ಒಂದಿಷ್ಟೂ ಉಳಿದಿಲ್ಲ, ಹಳೆಯ ಫಾಸ್ಫೇಟೂ ಉಳಿದಿಲ್ಲ. ಅದರ ಜಾಗದಲ್ಲಿ ಇನ್ನೊಂದು ಫಾಸ್ಫೇಟ್ ಮತ್ತು ಕೆಂಪು ಕಬ್ಬಿಣದ ಆಕ್ಸೈಡ್ ಇವೆ. ಕೊನೆಯ ತೂಕವನ್ನು 1.0507ರಿಂದ ಭಾಗಿಸಿದರೆ ಮೊದಲಿದ್ದ ಫಾಸ್ಫೇಟ್ ಎಷ್ಟು ಎಂದು ಸಿಗುತ್ತದೆ; ಹಾಕಿದ ತೂಕದಿಂದ ಅದನ್ನು ಕಳೆದರೆ ಉಳಿಯುವುದು ಕಾರ್ಬನ್. ಈ ಲೆಕ್ಕ ನಡೆಯಬೇಕಾದರೂ ಮೂರು ವಿಷಯ ಮೊದಲೇ ಖಾತರಿಯಾಗಿರಬೇಕು: ಪುಡಿಯಲ್ಲಿ ತೇವವಿರಲಿಲ್ಲ, ಕಬ್ಬಿಣವೆಲ್ಲ ಪೂರ್ತಿ ಆಕ್ಸಿಡೀಕರಣವಾಗುವಷ್ಟು ಬಿಸಿಯೂ ಸಮಯವೂ ಸಿಕ್ಕಿತ್ತು, ಬ್ಲ್ಯಾಂಕ್ ರನ್ನನ್ನು ಕಳೆಯಲಾಗಿದೆ. ಮೊದಲನೆಯದಕ್ಕೆ ರಾತ್ರಿಯಿಡೀ ನಿರ್ವಾತದ ಓವನ್ ಸಾಕು. ಎರಡನೆಯದಕ್ಕೆ ಉಳಿದ ಕೆಂಪು ಪುಡಿಯನ್ನು, ಹರಳಿನ ರಚನೆಯಿಂದ ವಸ್ತುವನ್ನು ಗುರುತಿಸುವ ಎಕ್ಸ್‌-ರೇ ಡಿಫ್ರಾಕ್ಷನ್ನಿಗೆ ಕಳಿಸಿ ಹಳೆಯ ಫಾಸ್ಫೇಟಿನ ಗೆರೆಗಳು ಇಲ್ಲವೆಂದು ನೋಡಿಕೊಳ್ಳುತ್ತಾರೆ.